ಅನ್‌ಲಾಕ್ ಲೆಕ್ಕ: ಗಣಿತ ಹೇಳಿದ್ದೇನು, ಸರ್ಕಾರಗಳು ಕೇಳಿದ್ದೇನು?

2021ರ ಜೂನ್ 14, ಸೋಮವಾರ. ಅಂದು ಬೆಳಗ್ಗೆ ಕರ್ನಾಟಕದ 19 ಜಿಲ್ಲೆಗಳಲ್ಲಿ ಲಾಕ್‌ಡೌನ್ ಸಡಿಲವಾಯಿತು. ಪಾರ್ಕುಗಳ ಗೇಟು ತೆರೆಯಿತು, ಆಟೋಗಳು ರಸ್ತೆಗಿಳಿದವು, ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಶೇ. 30ರಷ್ಟು ಕಾರ್ಮಿಕರನ್ನು ಕರೆಸಿಕೊಳ್ಳಲು ಅನುಮತಿ ಸಿಕ್ಕಿತು. ಅದೇ ದಿನ ಸಂಜೆ ಲಂಡನ್ನಿನಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಕ್ಯಾಮೆರಾ ಮುಂದೆ ನಿಂತು, ಇಂಗ್ಲೆಂಡಿನಲ್ಲಿ ಉಳಿದಿದ್ದ ನಿರ್ಬಂಧಗಳನ್ನು ಜೂನ್ 21ಕ್ಕೆ ತೆಗೆಯುವುದಿಲ್ಲ, ನಾಲ್ಕು ವಾರ ಮುಂದೂಡಿದ್ದೇವೆ ಎಂದು ಘೋಷಿಸಿದರು.

ಈಗ ಒಂದು ಅಂಕಿ ನೋಡಿ. ಬ್ರಿಟನ್ನಿನ ಜನಸಂಖ್ಯೆ ಆಗ ಸುಮಾರು 6.7 ಕೋಟಿ. ಕರ್ನಾಟಕದ್ದೂ ಹೆಚ್ಚುಕಮ್ಮಿ ಅಷ್ಟೇ. ಆ ದಿನ ಎರಡೂ ಕಡೆ ವರದಿಯಾದ ಹೊಸ ಪ್ರಕರಣಗಳು 7 ಸಾವಿರದ ಆಸುಪಾಸಿನಲ್ಲಿದ್ದವು. ಜನ ಅಷ್ಟೇ, ಕೇಸು ಅಷ್ಟೇ, ತೀರ್ಮಾನ ಮಾತ್ರ ತದ್ವಿರುದ್ಧ! ಹಾಗಾದರೆ ಇಬ್ಬರಲ್ಲಿ ಒಬ್ಬರು ತಪ್ಪು ಮಾಡಿದ್ದರಾ?

ಹಾಗೇನಿಲ್ಲ. ಕರ್ನಾಟಕ ಮೇ 5ರಂದು ಒಂದೇ ದಿನ 50,112 ಪ್ರಕರಣ ಕಂಡು, ಅಲ್ಲಿಂದ ಇಳಿದು ಬರುತ್ತಿತ್ತು. ಬ್ರಿಟನ್ ಕೆಳಗಿನಿಂದ ಮೇಲೆ ಹತ್ತುತ್ತಿತ್ತು. ಮೆಟ್ಟಿಲ ಮೇಲೆ ಇಬ್ಬರು ಎದುರಾದ ಹಾಗೆ. ಇಬ್ಬರೂ ಒಂದೇ ಮೆಟ್ಟಿಲ ಮೇಲಿದ್ದಾರೆ, ಆದರೆ ಹೋಗುತ್ತಿರುವ ದಿಕ್ಕು ಬೇರೆ. ಇವತ್ತು ಎಷ್ಟು ಕೇಸು ಅನ್ನೋದಕ್ಕಿಂತ ಮುಂದಿನ ತಿಂಗಳು ಎಷ್ಟಾಗುತ್ತೆ ಅನ್ನೋದು ಮುಖ್ಯ. ಗಣಿತ ಮಾದರಿಗಳು ಬೇಕಾಗೋದು ಅಲ್ಲೇ.

ಆರ್ ಅನ್ನುವ ಜೇಬುಖರ್ಚು

ಸಾಂಕ್ರಾಮಿಕ ರೋಗದ ಗಣಿತಕ್ಕೆ ನಮ್ಮ ದೇಶದ ಜೊತೆ ಹಳೇ ನಂಟಿದೆ. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೂಲ ಪಾಠ. ಅವರು ತಮ್ಮ ಸಮೀಕರಣವನ್ನು ಹೋಲಿಸಿ ನೋಡಿದ್ದು 1905-06ರ ಮುಂಬೈ ಪ್ಲೇಗಿನ ಸಾವಿನ ಅಂಕಿಗಳ ಜೊತೆ. ಮೆಕೆಂಡ್ರಿಕ್ ಭಾರತದಲ್ಲೇ ವೈದ್ಯಕೀಯ ಸೇವೆಯಲ್ಲಿದ್ದವರು. ಅವರ ಐಡಿಯಾ ಸರಳ: ಜನರನ್ನು ಮೂರು ಗುಂಪು ಮಾಡಿ. ಇನ್ನೂ ಸೋಂಕು ತಗಲದವರು, ಈಗ ಸೋಂಕಿರುವವರು, ಗುಣವಾದವರು ಅಥವಾ ಸತ್ತವರು. ಒಂದು ಗುಂಪಿನಿಂದ ಇನ್ನೊಂದಕ್ಕೆ ದಿನಕ್ಕೆ ಎಷ್ಟು ಜನ ದಾಟುತ್ತಾರೆ ಎಂದು ಲೆಕ್ಕ ಹಾಕಿ. ಇವತ್ತಿನ ದೊಡ್ಡ ದೊಡ್ಡ ಮಾದರಿಗಳಲ್ಲೂ ಬಹಳಷ್ಟು ಇದರ ಮೇಲೇ ಕಟ್ಟಿದ್ದು. ವಯಸ್ಸು, ಲಸಿಕೆ, ಊರು, ಆಸ್ಪತ್ರೆ ಎಂದು ಗುಂಪುಗಳ ಸಂಖ್ಯೆ ಹೆಚ್ಚಿದೆ, ಅಷ್ಟೇ.

ಈ ಲೆಕ್ಕದ ಜೀವಾಳ ಆರ್ ಎಂಬ ಸಂಖ್ಯೆ. ಸೋಂಕಿರುವ ಒಬ್ಬರು ಸರಾಸರಿ ಎಷ್ಟು ಜನಕ್ಕೆ ಅದನ್ನು ದಾಟಿಸುತ್ತಾರೆ ಅನ್ನೋದೇ ಆರ್. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು 5 ದಿನ ಬೇಕು ಅಂತಿಟ್ಟುಕೊಳ್ಳಿ. ಇವತ್ತು ಸಾವಿರ ಸೋಂಕಿತರಿದ್ದಾರೆ. ಒಂದು ತಿಂಗಳಲ್ಲಿ ಆರು ಸುತ್ತು. ಆರ್ 0.8 ಇದ್ದರೆ ಆರನೇ ಸುತ್ತಿನಲ್ಲಿ ಉಳಿಯುವುದು ಸುಮಾರು 260 ಹೊಸ ಸೋಂಕು. 1.3 ಇದ್ದರೆ ಸುಮಾರು 4,800. 1.5 ಇದ್ದರೆ 11 ಸಾವಿರ ದಾಟುತ್ತದೆ. 1.3ಕ್ಕೂ 1.5ಕ್ಕೂ ಮೇಲ್ನೋಟಕ್ಕೆ ಏನು ಮಹಾ ವ್ಯತ್ಯಾಸ? ಆದರೆ ಒಂದೇ ತಿಂಗಳಲ್ಲಿ ಅದು ದುಪ್ಪಟ್ಟಿಗಿಂತ ಜಾಸ್ತಿ.

ಹಾಗಾಗಿ ನಿರ್ಬಂಧ ಸಡಿಲಿಸುವುದು ಅಂದರೆ ತಿಂಗಳ ಕೊನೆಯಲ್ಲಿ ಜೇಬು ನೋಡಿಕೊಂಡು ಖರ್ಚು ಮಾಡಿದ ಹಾಗೆ. ಆರ್ ಈಗ 0.75 ಇದ್ದರೆ, 1 ದಾಟುವ ತನಕ ನಿಮ್ಮ ಕೈಯಲ್ಲಿರೋದು 0.25 ಮಾತ್ರ. ಅದನ್ನು ಶಾಲೆಗೆ ಖರ್ಚು ಮಾಡ್ತೀರಾ? ಬಾರಿಗಾ? ಮದುವೆ ಛತ್ರಕ್ಕಾ? ಎಲ್ಲದಕ್ಕೂ ಸಾಲದು.

ಜೊತೆಗೆ ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದೂ ಖಚಿತವಿಲ್ಲ. 2021ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಮಾದರಿಕಾರರ ಸಮಿತಿ ಸ್ಪೈ-ಎಂ, ಶಾಲೆ ಪೂರ್ತಿ ತೆರೆದರೆ ಆರ್ 1.1ರಿಂದ 1.5 ಪಟ್ಟು ಏರಬಹುದು ಅಂದಿತ್ತು. 0.75ನ್ನು 1.1ರಿಂದ ಗುಣಿಸಿದರೆ 0.83, ಚಿಂತೆಯಿಲ್ಲ. 1.5ರಿಂದ ಗುಣಿಸಿದರೆ 1.13, ರೋಗ ಮತ್ತೆ ಏರುಹಾದಿಗೆ. ಒಂದೇ ನಿರ್ಧಾರ, ಒಂದೇ ಸಮಿತಿ, ಎರಡು ಬೇರೆ ಬೇರೆ ಭವಿಷ್ಯ. ಇದನ್ನು ಕೇಳಿ 'ಹಾಗಾದ್ರೆ ಈ ಲೆಕ್ಕದಿಂದ ಏನು ಪ್ರಯೋಜನ' ಅನ್ನೋರಿದ್ದಾರೆ. ಪ್ರಯೋಜನ ಇದೇ: ಶಾಲೆ ತೆರೆದ ಮೇಲೆ ಬೇರೇನೂ ತೆರೆಯದೆ ಸ್ವಲ್ಪ ಕಾದು ನೋಡಬೇಕು ಎಂಬುದು ಈ ಅನಿಶ್ಚಿತತೆಯಿಂದಲೇ ಗೊತ್ತಾಗೋದು.

ಐದು ವಾರ ಮತ್ತು ಒಂದು ವಾರ

ಇಂಗ್ಲೆಂಡ್ ಮಾಡಿದ್ದು ಅದನ್ನೇ. 2021ರ ಫೆಬ್ರುವರಿ 22ರಂದು ನಾಲ್ಕು ಹಂತಗಳ ಯೋಜನೆ ಪ್ರಕಟವಾಯಿತು. ಮಾರ್ಚ್ 8ಕ್ಕೆ ಶಾಲೆ, ಏಪ್ರಿಲ್ 12ಕ್ಕೆ ಅಂಗಡಿ, ಮೇ 17ಕ್ಕೆ ಹೋಟೆಲು, ಸಿನಿಮಾಗಳ ಒಳಾಂಗಣ, ಜೂನ್ 21ಕ್ಕೆ ಉಳಿದದ್ದೆಲ್ಲ. ಎಲ್ಲವನ್ನೂ ಏಪ್ರಿಲ್ ಕೊನೆಯೊಳಗೇ ತೆರೆದುಬಿಟ್ಟರೆ ಆಸ್ಪತ್ರೆಗಳು ಜನವರಿಗಿಂತ ಹೆಚ್ಚು ತುಂಬಬಹುದು ಎಂದು ಮಾದರಿಗಳು ಎಚ್ಚರಿಸಿದ್ದವು. ಆ ಜನವರಿಯಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಒಂದೇ ಹೊತ್ತಿಗೆ ಸುಮಾರು 39 ಸಾವಿರ ಕೋವಿಡ್ ರೋಗಿಗಳಿದ್ದರು.

ಪ್ರತಿ ಹಂತದ ನಡುವೆ ಕನಿಷ್ಠ ಐದು ವಾರ. ಈ ಐದು ಎಲ್ಲಿಂದ ಬಂತು? ಇವತ್ತು ಅಂಗಡಿ ತೆರೆದರೆ ಇವತ್ತೇ ಸೋಂಕು ಹರಡುತ್ತದೆ. ಆದರೆ ಲಕ್ಷಣ ಕಾಣೋಕೆ ಸುಮಾರು ಐದು ದಿನ. ಟೆಸ್ಟ್ ಮಾಡಿಸಿ ಫಲಿತಾಂಶ ಬರೋಕೆ ಮತ್ತೊಂದೆರಡು ದಿನ. ಆಸ್ಪತ್ರೆ ಸೇರುವ ಸ್ಥಿತಿ ಬರೋಕೆ ಇನ್ನೊಂದು ವಾರ. ಅವರಿಂದ ಮನೆಯವರಿಗೆ, ಮನೆಯವರಿಂದ ಇನ್ನೊಬ್ಬರಿಗೆ ದಾಟಿದ್ದು ಅಂಕಿಯಲ್ಲಿ ಕಾಣಬೇಕಾದರೆ ಮತ್ತಷ್ಟು ದಿನ. ಹೀಗೆ ಹಿಂದಿನ ಹಂತದ ಪರಿಣಾಮ ನೋಡೋಕೆ ನಾಲ್ಕು ವಾರ, ಜನರಿಗೆ ತಯಾರಾಗಲು ಒಂದು ವಾರದ ನೋಟಿಸು.

ಇದನ್ನು ಕರ್ನಾಟಕದ ಜೊತೆ ಹೋಲಿಸಿ. ಮೊದಲ ಸಡಿಲಿಕೆ ಜೂನ್ 14, ಎರಡನೆಯದು ಜೂನ್ 21, ಮೂರನೆಯದು ಜುಲೈ 5, ಮತ್ತೊಂದು ಜುಲೈ 19. ಮೊದಲ ಎರಡರ ನಡುವೆ ಒಂದೇ ವಾರ. ಜೂನ್ 14ರಂದು ತೆರೆದದ್ದರ ಪರಿಣಾಮ ಜೂನ್ 21ರ ಅಂಕಿಯಲ್ಲಿ ಕಾಣೋಕೆ ಸಾಧ್ಯವೇ ಇರಲಿಲ್ಲ. ಎರಡನೇ ಸಡಿಲಿಕೆಗೆ ಆಧಾರವಾಗಿದ್ದು ಲಾಕ್‌ಡೌನ್ ಇದ್ದ ದಿನಗಳ ಅಂಕಿ.

ಡೆಲ್ಟಾ ಮತ್ತು ಎರಡನೇ ಡೋಸು

ಜಾನ್ಸನ್ ಸರ್ಕಾರ ಯಾಕೆ ಮುಂದೂಡಿತು? ಯೋಜನೆ ಬರೆದ ಫೆಬ್ರುವರಿಯಲ್ಲಿ ಡೆಲ್ಟಾ ಯಾರ ಲೆಕ್ಕದಲ್ಲೂ ಇರಲಿಲ್ಲ. ಭಾರತದಲ್ಲಿ ಮೊದಲು ಪತ್ತೆಯಾದ ಈ ತಳಿ ಹಿಂದಿನ ಆಲ್ಫಾಗಿಂತ ಎಷ್ಟೋ ವೇಗವಾಗಿ ಹರಡುತ್ತದೆ ಎಂಬುದು ಮೇ ಹೊತ್ತಿಗೆ ಸ್ಪಷ್ಟವಾಯಿತು. ಅದೇ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಇನ್ನೊಂದು ಅಂಕಿ ಕೊಟ್ಟಿತು: ಡೆಲ್ಟಾದಿಂದ ಲಕ್ಷಣಸಹಿತ ರೋಗ ಬರದಂತೆ ಒಂದು ಡೋಸ್ ಕೊಡುವ ರಕ್ಷಣೆ ಶೇ. 33 ಮಾತ್ರ. ಎರಡು ಡೋಸ್ ಆದರೆ ಫೈಜರ್‌ಗೆ ಶೇ. 88, ಆಸ್ಟ್ರಾಜೆನೆಕಾಗೆ ಶೇ. 60. ನಮ್ಮ ಕೋವಿಶೀಲ್ಡ್ ಕೂಡ ಆ ಆಸ್ಟ್ರಾಜೆನೆಕಾ ಲಸಿಕೆಯೇ.

ಈ ಸಂಖ್ಯೆಗಳನ್ನು ಮಾದರಿಗೆ ಹಾಕಿದಾಗ ಉತ್ತರ ಬದಲಾಯಿತು. ನಾಲ್ಕು ವಾರ ಕಾದರೆ ಲಕ್ಷಾಂತರ ಜನರಿಗೆ ಎರಡನೇ ಡೋಸ್ ಸಿಗುತ್ತದೆ, ಆಸ್ಪತ್ರೆ ಸೇರುವವರ ಗರಿಷ್ಠ ಸಂಖ್ಯೆ ಗಣನೀಯವಾಗಿ ತಗ್ಗುತ್ತದೆ ಎಂದು ಲೆಕ್ಕ ಹೇಳಿತು. ಜುಲೈ 19ರೊಳಗೆ ಮೂರನೇ ಎರಡರಷ್ಟು ವಯಸ್ಕರಿಗೆ ಎರಡೂ ಡೋಸ್ ಎಂಬ ಗುರಿ ಬಂತು. ಮೇ 14ರಂದೇ ಅವರು 50 ದಾಟಿದವರ ಎರಡು ಡೋಸ್‌ಗಳ ಅಂತರವನ್ನು 12 ವಾರದಿಂದ 8ಕ್ಕೆ ಇಳಿಸಿದ್ದರು. ಅದರ ಹಿಂದಿನ ದಿನ, ಮೇ 13ರಂದು, ಭಾರತ ಸರ್ಕಾರ ಕೋವಿಶೀಲ್ಡ್ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿತ್ತು. ಇಲ್ಲಿ ಲಸಿಕೆ ಕೇಂದ್ರಗಳ ಮುಂದೆ 'ಸ್ಟಾಕ್ ಇಲ್ಲ' ಬೋರ್ಡು ನೇತಾಡುತ್ತಿದ್ದ ದಿನಗಳವು. ಅಂತರ ಹೆಚ್ಚಾದರೆ ರಕ್ಷಣೆ ಹೆಚ್ಚು ಎಂಬ ವೈಜ್ಞಾನಿಕ ವಾದವೂ ಇತ್ತು, ನಿಜ. ಆದರೆ ಡೆಲ್ಟಾ ಹಬ್ಬಿರುವಾಗ ಆ ವಾದಕ್ಕೆ ಎಷ್ಟು ತೂಕ ಕೊಡಬೇಕು ಅನ್ನೋ ಲೆಕ್ಕವನ್ನು ಜನರ ಮುಂದಿಡಬೇಕಿತ್ತು.

ಲೆಕ್ಕ ತಪ್ಪಿದ ಜುಲೈ

ಜುಲೈ 19 ಬಂತು. ಇಂಗ್ಲೆಂಡ್ ಬಹುತೇಕ ಎಲ್ಲ ನಿರ್ಬಂಧ ತೆಗೆಯಿತು. ಪ್ರಕರಣಗಳು ದಿನಕ್ಕೆ 50 ಸಾವಿರ ದಾಟಿದ್ದವು. ಇಂಪೀರಿಯಲ್ ಕಾಲೇಜಿನ ನೀಲ್ ಫರ್ಗುಸನ್ ದಿನಕ್ಕೆ 1 ಲಕ್ಷ ತಲುಪುವುದು ಬಹುತೇಕ ಖಚಿತ, 2 ಲಕ್ಷವೂ ಆಗಬಹುದು ಎಂದರು. ಆದದ್ದೇನು? ಅಷ್ಟೊತ್ತಿಗಾಗಲೇ ಪ್ರಕರಣಗಳು ತುದಿ ಮುಟ್ಟಿ ಇಳಿಯೋಕೆ ಶುರುವಾಗಿದ್ದವು. ಹತ್ತು ದಿನದಲ್ಲಿ 54 ಸಾವಿರದಿಂದ ಅರ್ಧಕ್ಕಿಂತ ಕೆಳಗೆ ಬಂದವು.

ಟೀಕಾಕಾರರಿಗೆ ಹಬ್ಬ. ಆದರೆ ಯಾಕೆ ತಪ್ಪಿತು ಅನ್ನೋದು ತಪ್ಪಿತು ಅನ್ನೋದಕ್ಕಿಂತ ಉಪಯುಕ್ತ. ಯೂರೋ ಫುಟ್‌ಬಾಲ್ ಜುಲೈ 11ಕ್ಕೆ ಮುಗಿದಿತ್ತು, ಜನ ಪಬ್ಬುಗಳಲ್ಲಿ ಗುಂಪುಗೂಡಿ ಮ್ಯಾಚ್ ನೋಡೋದು ನಿಂತಿತ್ತು. ಶಾಲೆಗಳಿಗೆ ಬೇಸಿಗೆ ರಜೆ ಬಂತು. ಫೋನ್ ಆ್ಯಪ್ ಲಕ್ಷಾಂತರ ಜನರಿಗೆ 'ಸೋಂಕಿತರ ಹತ್ತಿರ ಇದ್ದಿರಿ, ಮನೆಯಲ್ಲಿರಿ' ಎಂದು ಸಂದೇಶ ಕಳಿಸಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಸರ್ಕಾರ ಬಾಗಿಲು ತೆರೆದ ಮಾತ್ರಕ್ಕೆ ಜನ ಹಳೇ ಬದುಕಿಗೆ ಹಾರಲಿಲ್ಲ. ದಿನಕ್ಕೆ ಎಷ್ಟು ಜನರನ್ನು ಭೇಟಿ ಆಗ್ತೀರಿ ಎಂದು ಕೇಳುವ ಕೋಮಿಕ್ಸ್ ಎಂಬ ಸಮೀಕ್ಷೆ ಅಲ್ಲಿ ನಿರಂತರವಾಗಿ ನಡೆಯುತ್ತಿತ್ತು. ನಿರ್ಬಂಧ ಹೋದ ಮೇಲೂ ಜನರ ಸಂಪರ್ಕ ಮಹಾಮಾರಿಗೆ ಮುಂಚಿನ ಮಟ್ಟಕ್ಕಿಂತ ಬಹಳ ಕೆಳಗೇ ಇತ್ತು ಎಂದು ಅದು ತೋರಿಸಿತು. ಚಂಡಮಾರುತದ ಮುನ್ಸೂಚನೆ ಕೇಳಿ ಚಂಡಮಾರುತ ತನ್ನ ದಾರಿ ಬದಲಿಸುವುದಿಲ್ಲ. ಜನ ಬದಲಿಸುತ್ತಾರೆ.

ಆಸ್ಪತ್ರೆ ಸೇರಿದವರ ಸಂಖ್ಯೆ ಮಾತ್ರ ದಿನಕ್ಕೆ ಸುಮಾರು ಒಂದು ಸಾವಿರದವರೆಗೆ ಹೋಗಿ, ಪ್ರಕಟಿತ ಅಂದಾಜಿನ ಕೆಳತುದಿಯ ಹತ್ತಿರ ನಿಂತಿತು. ಇದನ್ನು ಹೇಳೋಕೆ ನಮಗೆ ಸಾಧ್ಯವಾಗುತ್ತಿರೋದು ಯಾಕೆ ಗೊತ್ತಾ? ಆ ಅಂದಾಜುಗಳು, ಅವುಗಳ ಊಹೆಗಳು, ಮೇಲಿನ ತುದಿ, ಕೆಳಗಿನ ತುದಿ ಎಲ್ಲವೂ ಸರ್ಕಾರದ ಜಾಲತಾಣದಲ್ಲಿ ಪ್ರಕಟವಾಗಿದ್ದವು. ತಪ್ಪಾಗಿದ್ದರೆ ಎಲ್ಲಿ ತಪ್ಪಾಯಿತು ಎಂದು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಿತ್ತು.

ನಮ್ಮಲ್ಲಿ ಆಳಿದ್ದು ಶೇ. 5

ಕರ್ನಾಟಕದ ಅನ್‌ಲಾಕ್ ಮುಖ್ಯವಾಗಿ ನಡೆದದ್ದು ಪಾಸಿಟಿವಿಟಿ ದರದ ಮೇಲೆ. ಅಂದರೆ ನೂರು ಜನರನ್ನು ಪರೀಕ್ಷಿಸಿದರೆ ಎಷ್ಟು ಜನರಿಗೆ ಪಾಸಿಟಿವ್. ಅದು ಹೆಚ್ಚಿದ್ದ ಮೈಸೂರು, ಹಾಸನ, ದಕ್ಷಿಣ ಕನ್ನಡದಂಥ 11 ಜಿಲ್ಲೆಗಳು ಜೂನ್ 14ರಂದು ಮುಚ್ಚಿಯೇ ಇದ್ದವು. ಶೇ. 5ಕ್ಕಿಂತ ಕೆಳಗಿಳಿದ 16 ಜಿಲ್ಲೆಗಳಿಗೆ ಜೂನ್ 21ರಿಂದ ಹೆಚ್ಚಿನ ರಿಯಾಯಿತಿ ಸಿಕ್ಕಿತು.

ಈ ದರದ ತೊಂದರೆ ಒಂದು ಉದಾಹರಣೆಯಿಂದ ಅರ್ಥವಾಗುತ್ತೆ. ಒಂದು ತಾಲೂಕಿನಲ್ಲಿ ಜ್ವರ, ಕೆಮ್ಮು ಇರುವ ಸಾವಿರ ಜನರನ್ನು ಪರೀಕ್ಷಿಸಿದಾಗ 100 ಪಾಸಿಟಿವ್ ಬಂತು, ಶೇ. 10. ಮರುವಾರ ಬಸ್‌ಸ್ಟ್ಯಾಂಡಿನಲ್ಲಿ ಆರೋಗ್ಯವಾಗಿರುವ ಇನ್ನೊಂದು ಸಾವಿರ ಜನರ ಗಂಟಲು ದ್ರವವನ್ನೂ ಸೇರಿಸಿಕೊಂಡರು. ಒಟ್ಟು 2 ಸಾವಿರದಲ್ಲಿ 110, ಅಂದರೆ ಶೇ. 5.5. ರೋಗ ಎಳ್ಳಷ್ಟೂ ಇಳಿದಿಲ್ಲ, ದರ ಮಾತ್ರ ಹೆಚ್ಚುಕಡಿಮೆ ಅರ್ಧ! ಜಿಲ್ಲೆ ತೆರೆಯೋದು ಈ ದರದ ಮೇಲೆ ನಿಂತಿದೆ ಅಂತ ಗೊತ್ತಿದ್ದಾಗ ಯಾರನ್ನು ಪರೀಕ್ಷಿಸಬೇಕು ಎಂಬುದೇ ಒಂದು ರಾಜಕೀಯ ಆಗುವ ಅಪಾಯ ಇದೆ. ಸರಳ ಮಿತಿಗೆ ಒಂದು ಗುಣವಂತೂ ಇದೆ. ತಹಶೀಲ್ದಾರರಿಂದ ಹಿಡಿದು ಅಂಗಡಿಯವರ ತನಕ ಎಲ್ಲರಿಗೂ ಅರ್ಥವಾಗುತ್ತೆ. ಆದರೆ ಅದು ನಿನ್ನೆಯ ಬಗ್ಗೆ ಮಾತಾಡುತ್ತೆ, ನಾಳೆಯ ಬಗ್ಗೆ ಅಲ್ಲ.

ಹಾಗಾದರೂ ಜುಲೈ, ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಏನೂ ಆಗಲಿಲ್ಲವಲ್ಲ? ನಿಜ. ಕಾರಣ ಆಮೇಲೆ ಗೊತ್ತಾಯಿತು. ಐಸಿಎಂಆರ್ ತನ್ನ ನಾಲ್ಕನೇ ರಾಷ್ಟ್ರೀಯ ಸೆರೋ ಸಮೀಕ್ಷೆಯನ್ನು, ಅಂದರೆ ಎಷ್ಟು ಜನರ ರಕ್ತದಲ್ಲಿ ಪ್ರತಿಕಾಯ ಇದೆ ಎಂಬ ಎಣಿಕೆಯನ್ನು, ಶುರು ಮಾಡಿದ್ದೂ ಜೂನ್ 14ರ ಹೊತ್ತಿಗೇ. ಫಲಿತಾಂಶ ಬಂದದ್ದು ಜುಲೈನಲ್ಲಿ: ದೇಶದಲ್ಲಿ ಶೇ. 67.6 ಜನರಿಗೆ ಪ್ರತಿಕಾಯ ಇತ್ತು. ಕರ್ನಾಟಕದಲ್ಲಿ ಸುಮಾರು ಶೇ. 70, ಕೇರಳದಲ್ಲಿ ಶೇ. 44. ಎರಡನೇ ಅಲೆ ಎಷ್ಟು ಮನೆಗಳಿಗೆ ನುಗ್ಗಿತ್ತು ಅಂದರೆ ಹರಡೋಕೆ ಬೆಂಕಿಗೆ ಸೌದೆಯೇ ಕಮ್ಮಿಯಾಗಿತ್ತು. ಆದರೆ ಜೂನ್ 10ರ ಸಂಜೆ ಅನ್‌ಲಾಕ್ ಘೋಷಿಸಿದಾಗ ಈ ಅಂಕಿ ಯಾರ ಕೈಯಲ್ಲೂ ಇರಲಿಲ್ಲ. ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಜನ ಸತ್ತು ಆರು ವಾರವೂ ಕಳೆದಿರಲಿಲ್ಲ. ಫಲಿತಾಂಶ ಚೆನ್ನಾಗಿ ಬಂತು ಅನ್ನೋದು ಲೆಕ್ಕ ಸರಿಯಿತ್ತು ಅನ್ನೋದಕ್ಕೆ ಸಾಕ್ಷಿಯಲ್ಲ.

ಇಲ್ಲಿ ಗಣಿತ ಗೊತ್ತಿರುವವರ ಕೊರತೆಯಂತೂ ಇರಲಿಲ್ಲ. ಬೆಂಗಳೂರಿನ ಐಐಎಸ್‌ಸಿ ಮತ್ತು ಮುಂಬೈನ ಟಿಐಎಫ್‌ಆರ್ ಸಂಶೋಧಕರು 2020ರಲ್ಲೇ ಕಂಪ್ಯೂಟರಿನೊಳಗೆ ಇಡೀ ಬೆಂಗಳೂರನ್ನು ಕಟ್ಟಿದ್ದರು. 1.2 ಕೋಟಿಗೂ ಹೆಚ್ಚು ಕಾಲ್ಪನಿಕ ಜನ, ಅವರ ಮನೆ, ಶಾಲೆ, ಆಫೀಸು. ಒಂದೊಂದು ನಿರ್ಬಂಧ ತೆಗೆದಾಗಲೂ ಸೋಂಕು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಎಂದು ಓಡಿಸಿ ನೋಡಬಹುದಿತ್ತು. ಕೊರತೆ ಇದ್ದದ್ದು ಅಂಕಿಗಳದ್ದು. ಆರೋಗ್ಯ ಇಲಾಖೆಯ ಬುಲೆಟಿನ್ ಬರುತ್ತಿದ್ದದ್ದು ಪಿಡಿಎಫ್‌ನಲ್ಲಿ. ದೇಶದ ಅಂಕಿಗಳನ್ನು ಒಂದು ಕಡೆ ಸೇರಿಸುವ ಕೆಲಸವನ್ನು ಬಹುಕಾಲ ಮಾಡಿದ್ದು ಸ್ವಯಂಸೇವಕ ಹುಡುಗ ಹುಡುಗಿಯರು.

ಬೇಕಾದ ಉತ್ತರ ಕೊಟ್ಟ ಮಾದರಿ

ಇದರ ಇನ್ನೊಂದು ಮುಖವೂ ಇದೆ. 2020ರ ಅಕ್ಟೋಬರ್‌ನಲ್ಲಿ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ರಚಿಸಿದ್ದ 'ಸೂಪರ್ ಮಾಡೆಲ್' ಸಮಿತಿ ದೇಶ ಸೆಪ್ಟೆಂಬರಿನಲ್ಲೇ ತುತ್ತತುದಿ ದಾಟಿದೆ, ಎಚ್ಚರಿಕೆ ಮುಂದುವರಿಸಿದರೆ 2021ರ ಫೆಬ್ರುವರಿ ಹೊತ್ತಿಗೆ ಸೋಂಕು ಬಹುತೇಕ ಮುಗಿಯುತ್ತದೆ ಎಂದಿತು. ಹೊಸ ತಳಿ ಬಂದು ಆರ್ ಅನ್ನೇ ಬದಲಿಸಬಹುದು ಎಂಬುದು ಆ ಚಿತ್ರದಲ್ಲಿ ಇರಲಿಲ್ಲ. 'ಎಚ್ಚರಿಕೆ ಮುಂದುವರಿಸಿದರೆ' ಎಂಬ ಷರತ್ತೂ ಭಾಷಣಗಳಲ್ಲಿ ಮಾಯವಾಯಿತು. ನಮ್ಮದೇ ರಾಜ್ಯದ ತಾಂತ್ರಿಕ ಸಲಹಾ ಸಮಿತಿ ಮರುತಿಂಗಳೇ ಎರಡನೇ ಅಲೆಯ ಬಗ್ಗೆ ಎಚ್ಚರಿಸಿತ್ತು. ಚುನಾವಣೆ, ಕುಂಭಮೇಳಗಳ ಮುಂದೆ ಯಾವ ಮಾದರಿ ಕಿವಿಗೆ ಇಂಪಾಗಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2021ರ ಮೇ ಮೊದಲ ವಾರ ದೇಶದಲ್ಲಿ ದಿನಕ್ಕೆ 4 ಲಕ್ಷ ದಾಟಿತು.

ಮಾದರಿ ಉತ್ತರ ಕೊಡೋದು ಕೇಳಿದ ಪ್ರಶ್ನೆಗೆ ಮಾತ್ರ. 2021ರ ಡಿಸೆಂಬರ್‌ನಲ್ಲಿ ಒಮಿಕ್ರಾನ್ ಬಂದಾಗ ಬ್ರಿಟನ್ನಿನಲ್ಲಿ ಇದೇ ಜಗಳ ಎದ್ದಿತು. ನಿಮ್ಮ ಮಾದರಿಗಳಲ್ಲಿ ಒಮಿಕ್ರಾನ್ ಸೌಮ್ಯವಾಗಿರುವ ಸಾಧ್ಯತೆಯನ್ನು ಯಾಕೆ ಸೇರಿಸಿಲ್ಲ ಎಂದು ಒಬ್ಬ ಸಂಪಾದಕರು ಸ್ಪೈ-ಎಂ ಮುಖ್ಯಸ್ಥ ಗ್ರಹಾಂ ಮೆಡ್ಲಿ ಅವರನ್ನು ಟ್ವಿಟರ್‌ನಲ್ಲಿ ಸಾರ್ವಜನಿಕವಾಗಿ ಕೇಳಿದರು. ಸಾಮಾನ್ಯವಾಗಿ ನಾವು ಕೇಳಿದ್ದನ್ನೇ ಲೆಕ್ಕ ಹಾಕುತ್ತೇವೆ ಎಂಬ ಅರ್ಥದ ಉತ್ತರ ಬಂತು. ಪ್ರಾಮಾಣಿಕ ಉತ್ತರ. ಆದರೆ ಪ್ರಶ್ನೆ ಬರೆಯುವವರು ಯಾರು ಅನ್ನೋದು ಅಲ್ಲಿಂದ ಶುರುವಾಗುತ್ತೆ.

ಕರ್ನಾಟಕದಲ್ಲಿ ಮದ್ಯದಂಗಡಿ 2020ರ ಮೇ 4ಕ್ಕೆ ತೆರೆಯಿತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ಸುಮಾರು ಹದಿನೆಂಟು ತಿಂಗಳು. ಆರ್ ಜೇಬಿನಲ್ಲಿದ್ದ ಖರ್ಚನ್ನು ಮೊದಲು ಯಾವುದಕ್ಕೆ ಸುರಿಯಬೇಕು ಎಂದು ಯಾವ ಸಮೀಕರಣವೂ ಹೇಳಿರಲಿಲ್ಲ. ಇಂಗ್ಲೆಂಡ್ ಶಾಲೆಯನ್ನು ಮೊದಲ ಹಂತಕ್ಕೆ ಹಾಕಿತು, ನಾವು ಕೊನೆಗೆ ಹಾಕಿದೆವು. ಎರಡೂ ರಾಜಕೀಯ ಆಯ್ಕೆಗಳೇ. ಅಬಕಾರಿ ಆದಾಯ ಖಜಾನೆಯ ಲೆಕ್ಕದಲ್ಲಿ ಬರುತ್ತೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮೂರನೇ ಕ್ಲಾಸಿನ ಹುಡುಗಿ ಕಳೆದುಕೊಂಡದ್ದು ಯಾವ ಕಾಲಂನಲ್ಲೂ ಬರೋದಿಲ್ಲ. ಜೂನ್ 14ರಂದು ಗಾರ್ಮೆಂಟ್ಸ್ ತೆರೆದಾಗಲೂ ಹಾಗೇ ಆಯಿತು. ಬಿಎಂಟಿಸಿ ಬಸ್ಸುಗಳು ಓಡಿದ್ದು ಜೂನ್ 21ರಿಂದ. ಪೀಣ್ಯಕ್ಕೋ ಮೈಸೂರು ರಸ್ತೆಗೋ ಹೋಗಬೇಕಾದ ಹೆಣ್ಣುಮಕ್ಕಳು ಆ ಒಂದು ವಾರ ಕೆಲಸಕ್ಕೆ ಹೇಗೆ ಹೋಗಬೇಕಿತ್ತು? ಕಾರ್ಖಾನೆಯ ವಾಹನ ಇಲ್ಲದವರಿಗೆ ಆಟೋ ಖರ್ಚೋ, ದಿನದ ಕೂಲಿಯೋ ಎಂಬ ಲೆಕ್ಕ ಮಾತ್ರ ಉಳಿದಿತ್ತು.

2022ರ ಜನವರಿ 21

ಒಮಿಕ್ರಾನ್ ಅಲೆಯಲ್ಲಿ ಕರ್ನಾಟಕ ವಾರಾಂತ್ಯ ಕರ್ಫ್ಯೂ ಹಾಕಿತು. ವ್ಯಾಪಾರಿಗಳು ಸಿಟ್ಟಾದರು, ಆಡಳಿತ ಪಕ್ಷದವರೇ ಬಹಿರಂಗವಾಗಿ ವಿರೋಧಿಸಿದರು. ಜನವರಿ 21ರಂದು ಕರ್ಫ್ಯೂ ರದ್ದಾಯಿತು. ಅಂದು ರಾಜ್ಯದಲ್ಲಿ ವರದಿಯಾದ ಹೊಸ ಪ್ರಕರಣಗಳು 48 ಸಾವಿರ, ಎರಡನೇ ಅಲೆಯ ದಾಖಲೆಗಿಂತ ಬರೀ 2 ಸಾವಿರ ಕಮ್ಮಿ. ಮೇ 2021ರಲ್ಲಿ ಇಷ್ಟು ಪ್ರಕರಣಕ್ಕೆ ರಾಜ್ಯವೇ ಬಂದ್ ಆಗಿತ್ತು.

ಈ ಸಲ ಸರ್ಕಾರ ಕೊಟ್ಟ ಕಾರಣದಲ್ಲಿ ಪಾಸಿಟಿವಿಟಿ ದರಕ್ಕೆ ಮುಖ್ಯ ಜಾಗ ಇರಲಿಲ್ಲ. ಸೋಂಕಿತರಲ್ಲಿ ಆಸ್ಪತ್ರೆ ಸೇರುತ್ತಿರುವವರು ಶೇ. 5ರಷ್ಟು ಮಾತ್ರ, ಅದು ಹೆಚ್ಚಾದರೆ ಕರ್ಫ್ಯೂ ಮತ್ತೆ ಬರುತ್ತದೆ ಎಂದು ಕಂದಾಯ ಸಚಿವರಾಗಿದ್ದ ಆರ್. ಅಶೋಕ್ ಹೇಳಿದರು. ಅಳತೆಗೋಲು ಕೇಸಿನಿಂದ ಹಾಸಿಗೆಗೆ ಬದಲಾಗಿತ್ತು. ವೈಜ್ಞಾನಿಕವಾಗಿ ಅದು ಸರಿಯಾದ ದಿಕ್ಕು. ಆದರೆ ಆ ಶೇ. 5 ಎಂಬ ಮಿತಿ ಎಲ್ಲಿಂದ ಬಂತು, ಅದು ಶೇ. 6 ಆದರೆ ಎಷ್ಟು ದಿನದಲ್ಲಿ ಎಷ್ಟು ಹಾಸಿಗೆ ತುಂಬುತ್ತದೆ, ಯಾವ ಜಿಲ್ಲೆಯಲ್ಲಿ ಮೊದಲು ತುಂಬುತ್ತದೆ ಎಂಬ ಲೆಕ್ಕವನ್ನು ಅಂದಿನ ಘೋಷಣೆಯ ಜೊತೆ ಜನರಿಗೆ ಕೊಡಲಿಲ್ಲ.